ಗುರುವಾರದ ಸಮಿತಿ, ಶುಕ್ರವಾರದ ಲಕ್ವಾ

ಮಾನ್ಯ ಮಂಜೂರಾತಿ ಅಧಿಕಾರಿಗಳೇ,

ನೀವು ಕೊಟ್ಟ ಚೀಟಿಯನ್ನು ನೀವು ಹೇಳಿದ ಹಾಗೆಯೇ ತೋರಿಸಿದ್ದರಿಂದ ನನ್ನ ಹೆಂಡತಿ ಶೇವಂತಿಗೆ ಸಿಗಬೇಕಾಗಿದ್ದ ಚಿಕಿತ್ಸೆ ಆರು ತಾಸು ತಡವಾಯಿತು. ಆ ಆರು ತಾಸಿನಲ್ಲಿ ಅವಳ ಬಲಗೈ ಹೋಯಿತು, ಮಾತು ಹೋಯಿತು. ಇದು ನನ್ನ ದೂರು. ಅರ್ಜಿಯಲ್ಲಿ ಮೊದಲು ವಿಷಯ ಬರಬೇಕು, ಆಮೇಲೆ ಉಲ್ಲೇಖ ಬರಬೇಕು ಎಂದು ನಿಮ್ಮ ಕಚೇರಿಯ ಗುಮಾಸ್ತರು ನನ್ನ ಅರ್ಜಿಯನ್ನು ಮೂರು ಸಲ ಹಿಂದಕ್ಕೆ ಕೊಟ್ಟು ಕಲಿಸಿದ್ದಾರೆ. ಆದ್ದರಿಂದ ವಿಷಯವನ್ನು ಮೊದಲೇ ಬರೆದಿದ್ದೇನೆ. ಉಲ್ಲೇಖ ಬೇಕಾದರೆ ನಮ್ಮ ಮನೆಗೆ ಬನ್ನಿ, ಪಡಸಾಲೆಯಲ್ಲಿ ಮಲಗಿದ್ದಾಳೆ.

ನಾಲ್ಕನೆಯ ಅರ್ಜಿಯನ್ನು ನಿಮ್ಮ ಟಪಾಲಿಗೆ ಹಾಕದೆ ಪತ್ರಿಕೆಗೆ ಕಳಿಸುತ್ತಿದ್ದೇನೆ. ನಾಲ್ಕು ಜನ ಓದಿದ ಕಾಗದ ಕಳೆದುಹೋಗುವುದು ಸ್ವಲ್ಪ ಕಷ್ಟ ಎಂಬ ಆಸೆ ನನಗೆ.

ನಾನು ಬನಹಟ್ಟಿಯ ನೇಕಾರ. ಮನೆಯಲ್ಲಿ ಎರಡು ಪಾವರಲೂಮ್ ಇವೆ. ಒಂದನ್ನು ನಾನು ನೋಡಿಕೊಳ್ಳುತ್ತಿದ್ದೆ, ಇನ್ನೊಂದನ್ನು ಶೇವಂತಿ. ನೇಕಾರರ ಸಂಘದ ಕಾರ್ಯದರ್ಶಿ ಎಂಬ ಹೆಸರೂ ನನಗಿದೆ. ಹೆಸರು ದೊಡ್ಡದು, ಕೆಲಸ ಮಾತ್ರ ಕುರ್ಚಿ ಹಾಕಿಸುವುದು, ಕುರ್ಚಿ ತೆಗೆಸುವುದು. ಹೋದ ವರ್ಷ ದೀಪಾವಳಿ ಕಳೆದ ಮೇಲೆ ನಿಮಗಾಗಿಯೂ ಕುರ್ಚಿ ಹಾಕಿಸಿದ್ದೆ. ನಿಮಗೆ ನನ್ನ ಮುಖ ನೆನಪಿರಲಿಕ್ಕಿಲ್ಲ. ಅಂದು ಕೊರಳಿಗೆ ಬಿದ್ದ ಹಾರದ ನೆನಪು ಇರಬಹುದು. ಅದನ್ನು ಹಾಕಿದವನು ನಾನೇ.

ಅಂದು ನಮ್ಮ ಸಂಘದ ಸಭಾಭವನದಲ್ಲಿ ನಿಮ್ಮ ಕಚೇರಿಯ ಆರೋಗ್ಯ ಶಿಬಿರ. ಬಿ.ಪಿ. ಇದ್ದವರು, ಮೇಲಿಂದ ಮೇಲೆ ತಲೆನೋವು ಬರುವವರು, ಮನೆತನದಲ್ಲಿ ಯಾರಿಗಾದರೂ ಲಕ್ವಾ ಹೊಡೆದವರು, ಇಂಥವರನ್ನು ಆರಿಸಿ ವ್ಯಾನಿನಲ್ಲಿ ಕರೆದೊಯ್ದು ಪುಕ್ಕಟೆ ತಲೆಯ ಸ್ಕ್ಯಾನ್ ಮಾಡಿಸುವುದು. ಪುಣ್ಯದ ಕೆಲಸ, ಅಲ್ಲ ಎನ್ನುವುದಿಲ್ಲ. ಆದರೆ ಜನ ಬರಲು ಒಪ್ಪಲಿಲ್ಲ. "ಇದ್ದ ಜಡ್ಡ ಸಾಕಾಗೇತಿ ಜಕ್ಕಪ್ಪಾ, ತಲಿ ಒಳಗ ಕೈ ಹಾಕಿ ಹೊಸಾದ್ಯಾಕ ಹುಡುಕೂದು?" ಎಂದು ನಕ್ಕರು. ರಬಕವಿ, ಬನಹಟ್ಟಿಯ ಓಣಿ ಓಣಿ ತಿರುಗಿ ಅವರ ಮನವೊಲಿಸಿದವನು ನಾನು. ಜಮಖಂಡಿ, ಮುಧೋಳ, ಬೀಳಗಿಯಲ್ಲಿದ್ದ ನೆಂಟರಿಗೂ ಫೋನು ಮಾಡಿ ಕರೆಸಿದೆ. ಒಟ್ಟು ಇನ್ನೂರ ಹನ್ನೆರಡು ಜನ ವ್ಯಾನು ಹತ್ತಿದರು. ಆ ಸಂಖ್ಯೆಯನ್ನು ನೀವು ನಿಮ್ಮ ವರದಿಯಲ್ಲಿ ದಪ್ಪಕ್ಷರದಲ್ಲಿ ಹಾಕಿಕೊಂಡಿದ್ದೀರಿ, ಓದಿದ್ದೇನೆ.

ಆ ದಿನ ವೇದಿಕೆಯ ಮೇಲೆ ನಿಂತು ನೀವು ಆಡಿದ ಮಾತು ನನಗೆ ಬಾಯಿಪಾಠವಾಗಿದೆ. "ರೋಗವನ್ನು ಮುಚ್ಚಿಡಬೇಡಿ. ಮುಚ್ಚಿಟ್ಟ ರೋಗವೇ ಕೊಲ್ಲುವುದು. ನೀವು ಹೇಳಿ, ಮುಂದಿನದನ್ನು ನಾವು ನೋಡಿಕೊಳ್ಳುತ್ತೇವೆ." ಮೊದಲು ಚಪ್ಪಾಳೆ ತಟ್ಟಿದವಳು ಶೇವಂತಿ. ಆಗ ಅವಳಿಗೆ ಎರಡು ಕೈ ಇದ್ದವು.

ಇನ್ನೂರ ಹನ್ನೆರಡು ಜನರಲ್ಲಿ ಏಳು ಮಂದಿಯ ಮಿದುಳಿನ ರಕ್ತನಾಳದಲ್ಲಿ ಉಬ್ಬು ಕಂಡಿತು. ನಾಳದ ಗೋಡೆ ಒಂದು ಕಡೆ ತೆಳ್ಳಗಾಗಿ, ಸೈಕಲ್ ಟ್ಯೂಬಿನ ಹಾಗೆ ಅಲ್ಲಷ್ಟೇ ಉಬ್ಬಿಕೊಳ್ಳುತ್ತದಂತೆ. ಎಷ್ಟೋ ಜನಕ್ಕೆ ಇರುತ್ತದೆ, ಗೊತ್ತಾಗದೆಯೇ ಬದುಕಿ ಮುಗಿಸುತ್ತಾರೆ. ಕೆಲವರದು ಒಡೆಯುತ್ತದೆ, ಒಡೆದರೆ ಬಹಳ ಕೆಟ್ಟದ್ದು. ಶೇವಂತಿಯದು ತಲೆಯ ಬಲಭಾಗದಲ್ಲಿ, ಜೋಳದ ಕಾಳಿನಷ್ಟು. ಸ್ಕ್ಯಾನ್ ನೋಡಿದ ತಜ್ಞರು, ಇದಕ್ಕೆ ಈಗ ಏನೂ ಮಾಡುವುದು ಬೇಡ, ಬಿ.ಪಿ. ಹತೋಟಿಯಲ್ಲಿರಲಿ, ವರ್ಷಕ್ಕೊಮ್ಮೆ ನೋಡೋಣ ಎಂದರು. ಆಮೇಲೆ ನಿಮ್ಮ ಕಚೇರಿಯಿಂದ ಏಳೂ ಮಂದಿಗೆ, ತಲೆಯಲ್ಲಿ ಉಬ್ಬು ಇದೆ ಎಂದು ನಮೂದಿಸಿದ ಏಳು ಚೀಟಿ ಬಂದವು. ಗಟ್ಟಿ ಕಾಗದ, ಮೇಲೆ ಪ್ಲಾಸ್ಟಿಕ್ ಹೊದಿಕೆ, ಮೂಲೆಯಲ್ಲಿ ಕೆಂಪು ಪಟ್ಟಿ. "ಯಾವುದೇ ಆಸ್ಪತ್ರೆಗೆ ಹೋದರೂ ಇದನ್ನು ಮೊದಲು ತೋರಿಸಿ" ಎಂದು ಕೆಳಗೆ ಅಚ್ಚು ಹಾಕಿಸಿದ್ದಿರಿ. ಶೇವಂತಿ ಅದನ್ನು ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲಿನ ಪಕ್ಕ ಇಟ್ಟಳು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ನಿಮಗೆ ಇದು ಅಡ್ಡ ಮಾತು ಅನ್ನಿಸಬಹುದು, ಆದರೆ ನನ್ನ ಹೆಂಡತಿಯ ಕೈ ಹೋದದ್ದು ಇದರಿಂದಲೇ. ನೇಯುವಾಗ ಎಳೆ ಕಡಿಯುತ್ತದೆ, ಲಾಳಿ ತಪ್ಪುತ್ತದೆ, ಸೀರೆಯಲ್ಲಿ ಎಲ್ಲೋ ಒಂದು ಕಡೆ ದೋಷ ಉಳಿದುಬಿಡುತ್ತದೆ. ಮಡಿಕೆಯ ಒಳಗೆ ಹಾಕಿ ಮಡಚಿದರೆ ಸೀರೆ ಕೊಳ್ಳುವ ಸಾವಕಾರನಿಗೆ ಕಾಣುವುದಿಲ್ಲ. ನಮ್ಮಪ್ಪ ಹಾಗೆ ಮಾಡಗೊಡುತ್ತಿರಲಿಲ್ಲ. ದೋಷ ಇದ್ದ ಕಡೆ ಅಂಚಿಗೆ ಬೇರೆ ಬಣ್ಣದ ದಾರ ಕಟ್ಟಬೇಕು, ಸೀರೆ ಬಿಚ್ಚುವ ಮೊದಲೇ ನಾವಾಗಿ ತೋರಿಸಬೇಕು. "ಅಂವಾ ಹುಡುಕಿದ್ರ ಅದು ಕಳವು. ನಾವು ತೋರ್ಸಿದ್ರ ಅದು ವ್ಯಾಪಾರ" ಎನ್ನುತ್ತಿದ್ದ. ಈ ಪದ್ಧತಿಯಲ್ಲಿ ಶೇವಂತಿ ನನಗಿಂತ ಕಟ್ಟುನಿಟ್ಟು. ನಾನು ಒಮ್ಮೊಮ್ಮೆ ದಾರ ಕಟ್ಟುವುದನ್ನು ಮರೆತರೆ, ಮಡಚಿದ ಸೀರೆಯನ್ನು ಮತ್ತೆ ಬಿಚ್ಚಿ ಕಟ್ಟಿ ನನ್ನ ಮುಖಕ್ಕೆ ಹಿಡಿಯುತ್ತಿದ್ದಳು. ಮೂವತ್ತು ವರ್ಷ ಹೀಗೆ ಬದುಕಿದವರು ನಾವು. ನಿಮ್ಮ ಚೀಟಿಯ ಕೆಂಪು ಪಟ್ಟಿಯೂ ನಮಗೆ ಅಂಥದೇ ಒಂದು ದಾರವಾಗಿ ಕಂಡಿತು.

ಹೋಳಿ ಹುಣ್ಣಿಮೆ ಕಳೆದ ಮೊದಲ ಶುಕ್ರವಾರ, ಬೆಳಿಗ್ಗೆ ಒಂಬತ್ತೂವರೆ. ಶೇವಂತಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಕುಳಿತಿದ್ದಳು. ಮಗ್ಗದ ಸಪ್ಪಳದಿಂದಾಗಿ ನಮ್ಮ ಮನೆಯಲ್ಲಿ ಕೂಗಿ ಮಾತಾಡುವುದೇ ರೂಢಿ. "ಏ ಶೇವಂತಿ, ಹಸರ ನೂಲಿನ ಕಂಡಕಿ ಕೊಡ" ಎಂದೆ. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿ, ಸಿಟ್ಟು ಬಂದು ತಿರುಗಿ ನೋಡಿದರೆ ಬಾಯಿ ಒಂದು ಕಡೆಗೆ ಜೋತಿತ್ತು. ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿದ್ದವು.

ಓಣಿ ಸೇರಿತು. ಪಕ್ಕದ ಮನೆಯ ಹುಲೆಪ್ಪಣ್ಣ, ಹಿರಿಯ ಮನುಷ್ಯ, ನನ್ನ ಒಳ್ಳೆಯದಕ್ಕೇ ಹೇಳಿದ: "ಲಕ್ವಾ ಹೊಡದೈತಿ ತಮ್ಮಾ. ದವಾಖಾನಿ ಬ್ಯಾಡ, ಮದ್ದು ಹಾಕೂ ಮುದುಕ ಅದಾನ. ಬಾಯಾಗ ಸೊಪ್ಪಿನ ರಸ ಬಿಟ್ಟ, ಮೂರ ದಿವಸ ಗಾಳಿ ತಾಗದಂಗ ಇಟ್ರ ಎದ್ದ ಕುಂದರತಾಳ." ನಾನು ಅವನ ಮೇಲೆ ಹರಿಹಾಯ್ದೆ. "ಬಾಯಾಗ ಹನಿ ನೀರ ಸೈತ ಹಾಕಬ್ಯಾಡ್ರಿ. ಗಾಡಿ ತರಸ್ರಿ ಮದ್ಲ." ಇದನ್ನೆಲ್ಲ ನನಗೆ ಕಲಿಸಿದವರು ನೀವೇ. ಮುಖ ಸೊಟ್ಟಗಾದರೆ, ಕೈ ಬಿದ್ದರೆ, ಮಾತು ತೊದಲಿದರೆ ಒಂದು ನಿಮಿಷವನ್ನೂ ಕಳೆಯಬೇಡಿ, ನಾಟಿ ಮದ್ದಿಗೆ ಹೋಗಬೇಡಿ, ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೆ ನೇರ ಹೋಗಿ ಎಂದು ಸಂಘದ ಗೋಡೆಗೆ ನೀವು ಅಂಟಿಸಿದ ಭಿತ್ತಿಪತ್ರದಲ್ಲಿ ಇತ್ತು. ನಾವು ಆ ಭಿತ್ತಿಪತ್ರದ ಒಂದು ಅಕ್ಷರವನ್ನೂ ತಪ್ಪಲಿಲ್ಲ. ಮಗಳು ಪ್ರತಿಮಾ ದೇವರ ಗೂಡಿನಿಂದ ಚೀಟಿ ತೆಗೆದು ನನ್ನ ಜೇಬಿಗೆ ಹಾಕಿದಳು. ಮುಧೋಳ ದಾಟಿ, ಲೋಕಾಪುರ ದಾಟಿ, ನಿಮ್ಮ ಯಾದಿಯಲ್ಲಿದ್ದ ಆಸ್ಪತ್ರೆಯನ್ನು ಮುಟ್ಟಿದಾಗ ಹನ್ನೆರಡೂವರೆ. ಮೂರು ತಾಸು. "ಛಲೋ ಟೈಮಿಗೆ ಬಂದೀರಿ" ಎಂದು ಬಾಗಿಲಲ್ಲೇ ನರ್ಸಮ್ಮ ಹೇಳಿದರು. ಆ ಮಾತನ್ನು ಕೇಳಿ ನನಗೆ ಅಳು ಬಂತು, ಖುಷಿಯಿಂದ.

ಅಲ್ಲಿದ್ದವರು ಡಾಕ್ಟರ್ ಉಜ್ವಲಾ, ಬೀಳಗಿ ಕಡೆಯ ಹೆಣ್ಣುಮಗಳು. ಸ್ಕ್ಯಾನ್ ಮಾಡಿಸಿ ಅರ್ಧ ತಾಸಿನಲ್ಲಿ ಹೊರಗೆ ಬಂದರು. ತಾಳ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಹರಿದು ಬಂದು ಮಿದುಳಿನ ಎಡಭಾಗದ ದೊಡ್ಡ ನಾಳದಲ್ಲಿ ಸಿಕ್ಕಿಕೊಂಡಿದೆ. ಕರಗಿಸುವ ಸೂಜಿ ಕೊಟ್ಟಿದ್ದೇವೆ, ಆದರೆ ಗಡ್ಡೆ ದೊಡ್ಡದು, ಸೂಜಿಗೆ ಬಗ್ಗುವ ಹಾಗೆ ಕಾಣುವುದಿಲ್ಲ ಎಂದರು. "ತೊಡಿ ಸಂದಿನ ನರದಾಗಿಂದ ಸಣ್ಣ ನಳಿಗಿ ಹಾಕಿ ತಲಿ ತನಕ ಒಯ್ದು ಆ ಗಡ್ಡಿ ಎಳದ ತಗೀತೇವ್ರಿ ಕಾಕಾ. ತಲಿ ಕೊಯ್ಯೂದಿಲ್ಲ, ಏನಿಲ್ಲ. ಆದ್ರ ಈಗಿಂದೀಗ ಆಗಬೇಕು. ಒಂದೊಂದ ನಿಮಿಷಕ್ಕ ಲಕ್ಷಗಟ್ಟಲೆ ಜೀವಕೋಶ ಸಾಯಾಕತ್ತಾವ." ನಾನು ಉಬ್ಬಿನ ಮಾತು ಎತ್ತಿದೆ. "ನೋಡೇನ್ರಿ, ಸ್ಕ್ಯಾನಿನಾಗ ಕಂಡೈತಿ. ಅದು ಬಲಕ್ಕೈತಿ, ಸಣ್ಣದೈತಿ, ನನ್ನ ಹಾದಿಗೆ ಬರೂದಿಲ್ಲ. ಎಲ್ಲೈತಿ ಅಂತ ಮದ್ಲ ಗೊತ್ತಿದ್ರ ನಮಗ ಇನ್ನೂ ಛಲೋ, ಹುಷಾರಿ ಇರತೇವಿ" ಎಂದರು. ಅಪಾಯ ಇಲ್ಲವೇ ಇಲ್ಲ ಎಂದು ಅವರು ಹೇಳಲಿಲ್ಲ. ಇದೆ ಎಂದೂ, ಎಷ್ಟಿದೆ ಎಂದೂ, ಸುಮ್ಮನಿದ್ದರೆ ಅದಕ್ಕಿಂತ ಎಷ್ಟು ಪಾಲು ಹೆಚ್ಚು ಎಂದೂ ಕುಳ್ಳಿರಿಸಿ ಹೇಳಿದರು. ನಾನು ಹೆಬ್ಬೆಟ್ಟಿನವನಲ್ಲ, ಓದಿ ಸಹಿ ಮಾಡಿದೆ. ಒಳಗೆ ತಯಾರಿ ನಡೆಯಿತು. ಬಡವರಿಗೆ ಪುಕ್ಕಟೆ ಚಿಕಿತ್ಸೆ ಕೊಡುವ ನಿಮ್ಮ ಯೋಜನೆಯ ಮೇಜಿಗೆ ಹೋಗಿ ಹೆಸರು ಬರೆಸಿ ಬಾ ಎಂದರು.

ಮೇಜಿನಲ್ಲಿದ್ದವರು ಪ್ರೇಮಕುಮಾರ ಎಂಬ ಗುಮಾಸ್ತರು. ರೇಷನ್ ಕಾರ್ಡು ಕೊಟ್ಟೆ. ಕಂಪ್ಯೂಟರಿನಲ್ಲಿ ಹೆಸರು ಬಂತು. "ಎಮರ್ಜೆನ್ಸಿ ಐತ್ರಿ, ಮದ್ಲ ಕೆಲಸ ಆಗಲಿ, ಮಂಜೂರಿ ನಾಳೆ ಬರತೈತಿ. ನಡೀರಿ" ಎಂದು ಕಾಗದಕ್ಕೆ ಠಸ್ಸೆ ಹೊಡೆಯಲು ಕೈ ಎತ್ತಿದರು. ಅಷ್ಟರಲ್ಲಿ ನಾನು ಜೇಬಿಗೆ ಕೈ ಹಾಕಿದೆ. ಅವರು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಮೂವತ್ತು ವರ್ಷದ ರೂಢಿ, ಸೀರೆ ಬಿಚ್ಚುವ ಮೊದಲು ದಾರ ತೋರಿಸಿದ ಹಾಗೆ, ಆ ಕೆಂಪು ಪಟ್ಟಿಯ ಚೀಟಿಯನ್ನು ಮೇಜಿನ ಮೇಲೆ ಇಟ್ಟೆ. ಇಟ್ಟ ಮೇಲೆ ಒಂದು ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ಪ್ರೇಮಕುಮಾರರ ಕೈ ಅಲ್ಲೇ ನಿಂತಿತು. ಅತ್ತ ಇತ್ತ ನೋಡಿ ಸಣ್ಣ ದನಿಯಲ್ಲಿ, "ಕಾಕಾ, ಇದನ್ಯಾಕ ತಗದ್ರಿ?" ಎಂದರು. ಅಷ್ಟರಲ್ಲಿ ಪಕ್ಕದ ಕುರ್ಚಿಯ ಮೇಲ್ವಿಚಾರಕರು ಚೀಟಿಯನ್ನು ನೋಡಿ ಆಗಿತ್ತು. ಅದರ ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕಿದರು. ಪರದೆಯ ಮೇಲೆ ನಿಮ್ಮ ಆದೇಶ ಬಂತು. "ಉಬ್ಬು ನೋಂದಾಯಿತ ರೋಗಿ. ರಕ್ತನಾಳದ ಮೂಲಕ ನಡೆಸುವ ಯಾವುದೇ ಚಿಕಿತ್ಸೆಗೆ ವಿಶೇಷ ತಜ್ಞರ ಸಮಿತಿಯ ಪೂರ್ವಾನುಮತಿ ಕಡ್ಡಾಯ. ತುರ್ತು ವಿನಾಯಿತಿ ಅನ್ವಯಿಸುವುದಿಲ್ಲ."

"ಸಮಿತಿ ಎಂದ ಸೇರತೈತ್ರಿ?"

"ಗುರುವಾರಕ್ಕೊಮ್ಮೆರಿ."

"ಇವತ್ತ ಶುಕ್ರವಾರರಿ."

"ಹೌದ್ರಿ" ಎಂದರು ಪ್ರೇಮಕುಮಾರ. ಅವರು ನನ್ನ ಮುಖ ನೋಡಲಿಲ್ಲ.

ಮಾನ್ಯರೇ, ಶುಕ್ರವಾರ ಲಕ್ವಾ ಹೊಡೆಸಿಕೊಂಡದ್ದು ಶೇವಂತಿಯ ತಪ್ಪು ಎಂದು ಒಪ್ಪಿಕೊಳ್ಳುತ್ತೇನೆ. ಬುಧವಾರ ರಾತ್ರಿಯೋ ಗುರುವಾರ ನಸುಕಿನಲ್ಲೋ ಹೊಡೆಸಿಕೊಳ್ಳಬೇಕಿತ್ತು, ಮೊದಲೇ ಅರ್ಜಿ ಹಾಕಿಕೊಂಡು, ನಾಲ್ಕು ಪ್ರತಿಗಳಲ್ಲಿ. ನಮಗೆ ತಿಳಿವಳಿಕೆ ಸಾಲದು. ಆದರೂ ಒಂದು ಪ್ರಶ್ನೆ. ಗಡಿಯಾರ ನೋಡಿ ಓಡಿ ಬನ್ನಿ ಎಂದು ಗೋಡೆಗೆ ಅಂಟಿಸಿದವರೂ ನೀವೇ, ಕ್ಯಾಲೆಂಡರ್ ನೋಡಿ ಕಾಯಿರಿ ಎಂದವರೂ ನೀವೇ. ಇವೆರಡನ್ನೂ ಬರೆದದ್ದು ಒಂದೇ ಕೈಯೋ, ಎರಡು ಕೈಯೋ?

ರೊಕ್ಕ ಕೊಟ್ಟು ಮಾಡಿಸುತ್ತೇನೆ, ನನ್ನ ಮಗ್ಗ ಮಾರುತ್ತೇನೆ ಎಂದೆ. ಅದೂ ಆಗದು ಎಂದರು. ಯೋಜನೆಯ ರೋಗಿ ಎಂದು ದಾಖಲಾದವಳ ಕಡೆಯಿಂದ ರೊಕ್ಕ ತೆಗೆದುಕೊಂಡರೆ ಆಸ್ಪತ್ರೆಯನ್ನೇ ಯಾದಿಯಿಂದ ತೆಗೆಯುತ್ತೀರಂತೆ. ಬಡವರ ಕಾಳಜಿ ನಿಮಗೆ ಎಷ್ಟಿದೆ ಎಂದರೆ, ಬಡವನು ತನ್ನ ಹೆಂಡತಿಯನ್ನು ತಾನೇ ಉಳಿಸಿಕೊಳ್ಳಲೂ ಬಿಡುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ಕೇಳಿದ್ದೆ. ಒಳಗೆ ಡಾಕ್ಟರು ಕೈಗೆ ಗವಸು ಹಾಕಿಕೊಂಡು ನಿಂತಿದ್ದರು, ಹೊರಗೆ ನಾನು ನಿಮ್ಮ ಫೋನಿನ ಹಾಡು ಕೇಳುತ್ತ ನಿಂತಿದ್ದೆ.

ನಾಲ್ಕು ಸಲ ನಿಮ್ಮ ಕಚೇರಿಗೆ ಫೋನು ಮಾಡಿದೆ. ಒಂದೂವರೆಗೆ ಸಾಹೇಬರು ಊಟಕ್ಕೆ ಹೋಗಿದ್ದರು. ಎರಡೂವರೆಗೆ ಸಾಹೇಬರು ಸಭೆಯಲ್ಲಿದ್ದರು. ಮೂರೂಮುಕ್ಕಾಲಿಗೆ ಒಬ್ಬ ಹೆಣ್ಣುಮಗಳು ಪಾಪ, ಪೂರಾ ಕೇಳಿಸಿಕೊಂಡು, "ಮಿಂಚಂಚೆ ಕಳಸ್ರಿ ಅಣ್ಣಾರ, ಮುಂದ ಇಡತೇನಿ" ಎಂದಳು. ಡಾಕ್ಟರ್ ಉಜ್ವಲಾ ತಾವೇ ಕುಳಿತು ಬರೆದು ಕಳಿಸಿದರು, ಸ್ಕ್ಯಾನಿನ ಚಿತ್ರ ಸಮೇತ, ಉಬ್ಬು ಎಲ್ಲಿ, ಗಡ್ಡೆ ಎಲ್ಲಿ ಎಂದು ಬಾಣದ ಗುರುತು ಹಾಕಿ. ಐದು ಗಂಟೆಗೆ ನಾಲ್ಕನೆಯ ಫೋನು. "ತಾಳ್ಮಿ ಇರಲ್ರಿ, ತಾಳಿದವನು ಬಾಳಿಯಾನು" ಎಂದರು ನಿಮ್ಮ ಸಹಾಯಕರು. ಗಾದೆ ಸುಳ್ಳಾಗುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೆ. ಮಧ್ಯಾಹ್ನ ನನ್ನ ಬೆರಳು ಹಿಡಿದು ಒತ್ತುತ್ತಿದ್ದ ಎಡಗೈಯನ್ನೂ ಸಂಜೆಗೆ ಅವಳು ಎತ್ತಲಿಲ್ಲ, ಕಣ್ಣು ಮುಚ್ಚಿಕೊಂಡು ಬಂದವು.

ಆರೂ ಹತ್ತಕ್ಕೆ ನಿಮ್ಮ ಉತ್ತರ ಬಂತು. "ಉಬ್ಬಿನ ಕುರಿತು ನರಶಸ್ತ್ರಚಿಕಿತ್ಸಕರ ಅಭಿಪ್ರಾಯವನ್ನು ಲಗತ್ತಿಸಿ ಮರುಸಲ್ಲಿಸುವುದು." ಅದನ್ನು ಓದಿ ಡಾಕ್ಟರ್ ಉಜ್ವಲಾ ಫೋನನ್ನು ಮಗುಚಿ ಮೇಜಿನ ಮೇಲೆ ಇಟ್ಟರು. "ನಡೀರಿ, ಒಳಗ ತಗೊಳ್ರಿ. ಸಹಿ ನಾ ಮಾಡತೇನಿ. ಏನಾರ ಬಂದ್ರ ನನ್ನ ಮ್ಯಾಲ ಬರಲಿ" ಎಂದರು. ಮತ್ತೊಮ್ಮೆ ಸ್ಕ್ಯಾನ್ ಮಾಡಿ, ಇನ್ನೂ ಉಳಿಯುವ ಭಾಗ ಸ್ವಲ್ಪ ಇದೆ ಎಂದು ಖಾತ್ರಿ ಮಾಡಿಕೊಂಡು, ಏಳಕ್ಕೆ ಶುರು ಮಾಡಿದರು. ಮೂವತ್ತೈದು ನಿಮಿಷದಲ್ಲಿ ಗಡ್ಡೆ ಹೊರಗೆ ಬಂತು. ತಟ್ಟೆಯಲ್ಲಿ ಇಟ್ಟು ನನಗೆ ತೋರಿಸಿದರು. ಬೆರಳ ತುದಿಯಷ್ಟೂ ಇಲ್ಲ, ಒದ್ದೆ ನೂಲಿನ ತುಂಡಿನಷ್ಟು. ನೀವು ಹೆದರಿದ್ದ ಆ ಉಬ್ಬು ಏನಾಯಿತು ಎಂದು ಕೇಳುತ್ತೀರಾ? ಏನೂ ಆಗಲಿಲ್ಲ. ಜೋಳದ ಕಾಳಿನಷ್ಟು ಇದ್ದದ್ದು ಜೋಳದ ಕಾಳಿನಷ್ಟೇ ಇದೆ. ಮುಂದಿನ ವರ್ಷ ಮತ್ತೆ ನೋಡೋಣ ಎಂದಿದ್ದಾರೆ.

ನಿಮ್ಮ ಆದೇಶದ ಹಿಂದೆ ಒಂದು ಭಯ ಇದ್ದಿರಬಹುದು. ಎಲ್ಲೋ ಯಾರಿಗೋ ನಳಿಕೆ ಹಾಕುವಾಗ ಉಬ್ಬು ಒಡೆದಿರಬಹುದು. ಅದು ಆಗದ ಮಾತಲ್ಲ ಎಂದು ಡಾಕ್ಟರೇ ನನಗೆ ಹೇಳಿದ್ದಾರೆ, ಗಡ್ಡೆಯ ಹಾದಿಯಲ್ಲೇ ಉಬ್ಬು ಇದ್ದರೆ ಕೈ ಇನ್ನೂ ನಾಜೂಕಾಗಿ ನಡೆಯಬೇಕಂತೆ. ಆದರೆ ಶೇವಂತಿಯ ಉಬ್ಬು ಬಲಕ್ಕೆ, ಗಡ್ಡೆ ಎಡಕ್ಕೆ. ಜಮಖಂಡಿಯಿಂದ ಸಾವಳಗಿಗೆ ಹೋಗುವ ರಸ್ತೆಯಲ್ಲಿ ಒಂದು ಸೇತುವೆ ಸಡಿಲವಾಗಿದೆ ಎಂದು ಮುಧೋಳದ ಬಸ್ಸು ನಿಲ್ಲಿಸಿದರೆ ಜನ ನಿಮ್ಮನ್ನು ಏನೆಂದಾರು? ಆ ಸೇತುವೆಯ ಮೇಲೇ ಹೋಗಬೇಕಾದರೂ, ಬಸ್ಸನ್ನು ನಿಧಾನ ಬಿಡುವುದೋ ನಿಲ್ಲಿಸುವುದೋ ಎಂದು ನಿರ್ಧರಿಸಬೇಕಾದವನು ಸ್ಟೇರಿಂಗ್ ಹಿಡಿದವನೋ, ಮುಂದಿನ ಗುರುವಾರ ಸೇರುವವರೋ? ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದನ್ನು ಕೇಳಿದ್ದೇವೆ. ನೀವು ನೆಗಡಿ ಬಂದೀತೆಂದು ಮೂಗು ಕೊಯ್ದಿರಿ. ಅದೂ ನಿಮ್ಮದಲ್ಲ, ನಮ್ಮದು.

ಇಷ್ಟಾದರೆ ನಾನು ಇದನ್ನು ನಮ್ಮ ಹಣೆಬರಹ ಎಂದು ಸುಮ್ಮನಾಗುತ್ತಿದ್ದೆನೋ ಏನೋ. ಗುರುವಾರ ಸೇರುವ ಆ ದೊಡ್ಡವರು ಯಾರು, ಒಮ್ಮೆ ಮುಖ ನೋಡಿ ಕೇಳಬೇಕು ಎನ್ನಿಸಿತು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಸಮಿತಿಯ ಸದಸ್ಯರು ಯಾರು, ಇದುವರೆಗೆ ಎಷ್ಟು ಸಲ ಸೇರಿದ್ದಾರೆ, ಎಷ್ಟು ಮಂದಿಗೆ ಒಪ್ಪಿಗೆ ಕೊಟ್ಟಿದ್ದಾರೆ. ಮೂವತ್ತು ದಿನ ತುಂಬುವ ದಿನವೇ ನಿಮ್ಮ ಉತ್ತರ ಬಂತು. ಆ ಕಾಗದ ನನ್ನ ಮುಂದೆಯೇ ಇದೆ. "ಸಮಿತಿಯ ಸದಸ್ಯರ ನೇಮಕಾತಿ ಪ್ರಕ್ರಿಯೆಯಲ್ಲಿದೆ. ಆದ್ದರಿಂದ ಇತರ ಪ್ರಶ್ನೆಗಳು ಉದ್ಭವಿಸುವುದಿಲ್ಲ."

ಉದ್ಭವಿಸುವುದಿಲ್ಲ. ಮಾನ್ಯರೇ, ಇದನ್ನು ಓದಿ ನಾನು ಸಂಘದ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಅಂದರೆ ಗುರುವಾರ ಹೋಗಿದ್ದರೂ ಯಾರೂ ಇರುತ್ತಿರಲಿಲ್ಲ. ಇಲ್ಲದ ಸಮಿತಿಯ ಒಪ್ಪಿಗೆಗಾಗಿ ನನ್ನ ಹೆಂಡತಿಯ ತಲೆಯನ್ನು ಆರು ತಾಸು ಒಣಗಿಸಿದಿರಿ. ಬೀಗ ಹಾಕಿದಿರಿ, ಕೀಲಿಕೈ ಇನ್ನೂ ಮಾಡಿಸಿಯೇ ಇರಲಿಲ್ಲ. ನನ್ನ ಮೇಲೆ ಯಾರಾದರೂ ಕೈ ಮಾಡಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನಿಮ್ಮನ್ನು ನಂಬಿದ್ದೆ. ಇನ್ನೂರ ಹನ್ನೆರಡು ಜನರ ಮುಂದೆ ನಿಮ್ಮ ಪರವಾಗಿ ಮಾತಾಡಿದ್ದೆ. ನೀವು ನನಗೆ ಮೋಸ ಮಾಡಿದಿರಿ. ಇದನ್ನು ಹೇಳಲು ಕಾನೂನಿನ ಬೇರೆ ಪದ ಇದ್ದರೆ ತಿಳಿಸಿ, ತಿದ್ದಿಕೊಳ್ಳುತ್ತೇನೆ.

ಮತ್ತು ಆ ಡಾಕ್ಟರಮ್ಮನಿಗೆ ಏನು ಕೊಟ್ಟಿರಿ? ಕಾರಣ ಕೇಳಿ ನೋಟಿಸು. ಪೂರ್ವಾನುಮತಿ ಇಲ್ಲದೆ ಗಡ್ಡೆ ತೆಗೆದದ್ದೇಕೆ ಎಂದು. ಅವರು ಕೊಟ್ಟ ಉತ್ತರ ನನಗೆ ಗೊತ್ತಿಲ್ಲ, ಕೇಳಲು ನನಗೆ ಮುಖವಿಲ್ಲ. ನನ್ನ ಹೆಂಡತಿ ಇಂದು ಕಣ್ಣು ಬಿಟ್ಟು ಮಲಗಿದ್ದರೆ, ಎಡಗೈಯಿಂದ ತಾನೇ ರೊಟ್ಟಿ ಮುರಿದು ತಿನ್ನುತ್ತಿದ್ದರೆ, ಅದು ಆ ನೋಟಿಸಿಗೆ ಕಾರಣವಾದ ಮೂವತ್ತೈದು ನಿಮಿಷದಿಂದ. ಅದೇ ಕೆಲಸ ಮಧ್ಯಾಹ್ನ ಒಂದು ಗಂಟೆಗೇ ಆಗಿದ್ದರೆ ಏನಾಗುತ್ತಿತ್ತು ಎಂದು ಅವರನ್ನು ಒಮ್ಮೆ ಕೇಳಿದ್ದೆ. "ಹಂಗ ಖಾತ್ರಿ ಹೇಳಾಕ ಬರೂದಿಲ್ಲ ಕಾಕಾ" ಎಂದರು. ಆಮೇಲೆ, "ಆದ್ರ ಭಾಳ ಮಂದಿ ನಡಕೋತ ಮನಿಗೆ ಹೋಗ್ಯಾರ್ರಿ" ಎಂದರು.

ಶೇವಂತಿಗೆ ಈಗ ಒಂದೇ ಮಾತು ಬರುತ್ತದೆ, ಮಗಳ ಹೆಸರು. ನೀರು ಬೇಕಾದರೂ ಪ್ರತಿಮಾ, ಬೆನ್ನು ನೊಂದರೂ ಪ್ರತಿಮಾ, ನನ್ನನ್ನು ಕರೆಯಬೇಕಾದರೂ ಪ್ರತಿಮಾ. ಹೇಳಬೇಕಾದದ್ದು ಅದಲ್ಲ ಎಂದು ಅವಳಿಗೆ ಗೊತ್ತಿದೆ. ಗೊತ್ತಿರುವುದರಿಂದಲೇ ಎಡಗೈಯಿಂದ ತೊಡೆ ಬಡಿದುಕೊಳ್ಳುತ್ತಾಳೆ. ಮೊನ್ನೆ ನಾನು ಸೀರೆ ಮಡಚುತ್ತಿದ್ದೆ. ಅವಳು ಮಲಗಿದಲ್ಲಿಂದಲೇ ಕೈ ಮಾಡಿ, "ಪ್ರತಿಮಾ, ಪ್ರತಿಮಾ" ಎಂದು ಜೋರು ಮಾಡಿದಳು. ಏನೆಂದು ತಿಳಿಯದೆ ನೀರು ಕೊಟ್ಟೆ, ಚೆಲ್ಲಿದಳು. ಆಮೇಲೆ ನೋಡಿದರೆ ಅಂಚಿನಲ್ಲಿ ಎಳೆ ಕಡಿದಿತ್ತು, ನಾನು ದಾರ ಕಟ್ಟಿರಲಿಲ್ಲ. ಕಟ್ಟಿದೆ. ಸುಮ್ಮನಾದಳು. ಅವಳಿಗೆ ಇನ್ನೂ ಆ ಪದ್ಧತಿಯ ಮೇಲೆ ನಂಬಿಕೆ ಇದೆ. ಚೀಟಿಯನ್ನು ನಾನಾಗಿ ಮೇಜಿನ ಮೇಲೆ ಇಟ್ಟೆ ಎಂಬುದನ್ನು ನಾನು ಅವಳಿಗೆ ಹೇಳಿಲ್ಲ.

ಈಗ ಈ ಪತ್ರ ಬರೆಯಲು ನಿಜವಾದ ಕಾರಣ. ನಮ್ಮದು ಆಗಿಹೋಯಿತು. ಉಳಿದ ಆರು ಮಂದಿ ಹಾಗೇ ಇದ್ದಾರೆ, ಚೀಟಿಗಳೂ ಹಾಗೇ ಇವೆ, ಆ ಆದೇಶವೂ ಹಾಗೇ ಇದೆ. ಅವರಲ್ಲಿ ಮುಧೋಳದವರೊಬ್ಬರು ನಮ್ಮ ಸುದ್ದಿ ಕೇಳಿ ಚೀಟಿಯನ್ನು ಒಲೆಗೆ ಹಾಕಿದರಂತೆ. ಸ್ಕ್ಯಾನಿನ ಕಾಗದವನ್ನೂ ಸೇರಿಸಿ. ನಿಮ್ಮ ಶಿಬಿರದ ಫಲ ಇದು ನೋಡಿ. ಡಾಕ್ಟರಿಗೆ ಮೊದಲು ಗೊತ್ತಿರಬೇಕಾದ ಒಂದೇ ಒಂದು ಸಂಗತಿಯನ್ನು ಜನ ಡಾಕ್ಟರಿಂದ ಬಚ್ಚಿಡುವ ಹಾಗೆ ಮಾಡಿದ್ದೀರಿ.

ಹೋದ ಸೋಮವಾರ ಅನಸವ್ವ ಬಂದಿದ್ದಳು. ರಬಕವಿಯವಳು, ಅರವತ್ತು ದಾಟಿದೆ, ಇನ್ನೂ ಕಂಡಿಕೆ ಸುತ್ತಿ ತನ್ನ ಹೊಟ್ಟೆ ತಾನು ಹೊರೆಯುತ್ತಾಳೆ. ಸ್ಕ್ಯಾನಿಗೆ ಒಲ್ಲೆ ಒಲ್ಲೆ ಎಂದವಳನ್ನು ಕೈಹಿಡಿದು ವ್ಯಾನು ಹತ್ತಿಸಿದವನು ನಾನು. ಅವಳ ಉಬ್ಬು ಶೇವಂತಿಯದಕ್ಕಿಂತ ದೊಡ್ಡದು. ಬಿ.ಪಿ.ಯೂ ಇದೆ. ಈಗ ಎದೆ ಡವಡವ ಎನ್ನುತ್ತದೆ ಎಂದು ತೋರಿಸಿದಾಗ, ಹೃದಯದ ತಾಳ ತಪ್ಪಿದೆ, ಗುಳಿಗೆ ಬಿಡಬೇಡ, ಲಕ್ವಾ ಹೊಡೆಯುವ ಸಂಭವ ಇದೆ ಎಂದಿದ್ದಾರೆ. ಶೇವಂತಿಯ ಕಾಲ ಹತ್ತಿರ ಸ್ವಲ್ಪ ಹೊತ್ತು ಕುಳಿತಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಚೀಟಿ ತೆಗೆದು ನನ್ನ ಮುಂದಿಟ್ಟಳು.

"ಜಕ್ಕಪ್ಪಾ, ನನಗ ಅಕ್ಷರ ಬರೂದಿಲ್ಲೋ ಯಪ್ಪಾ. ನೀ ಕರಕೊಂಡ ಹೋಗಿದ್ದಿ, ನಾ ಬಂದಿದ್ದೆ. ಈಗ ನೀನ ಹೇಳ. ನಾಳಿ ನನಗೂ ಹೊಡದ್ರ, ಈ ಚೀಟಿ ತೋರಸ್ಲೋ, ಬಚ್ಚಿಡ್ಲೋ?"

ನಾನು ಚೀಟಿಯನ್ನು ಕೈಗೆ ತೆಗೆದುಕೊಂಡೆ. ತೋರಿಸು ಎಂದರೆ ನಿಮ್ಮ ಬಾಗಿಲು ಮುಚ್ಚುತ್ತದೆ. ಬಚ್ಚಿಡು ಎಂದರೆ, ಅವಸರದಲ್ಲಿ ಕೈ ಹಾಕಿದ ಡಾಕ್ಟರಿಗೆ ಹಾದಿಯಲ್ಲಿ ಉಬ್ಬು ಇದೆ ಎಂಬುದು ತಡವಾಗಿ ಗೊತ್ತಾಗಿ ಅದು ಒಡೆದರೆ, ಕೊಂದವನು ನಾನು. ಮೂವತ್ತು ವರ್ಷ ದೋಷ ತೋರಿಸಿಯೇ ಬದುಕಿದವನಿಗೆ ಇದಕ್ಕೆ ಉತ್ತರ ತಿಳಿಯದಾಯಿತು. "ಎರಡ ದಿವಸ ತಡೀ ಅನಸಕ್ಕಾ, ಕೇಳಿ ಹೇಳತೇನಿ" ಎಂದು ಕಳಿಸಿದೆ. ಚೀಟಿಯನ್ನು ಅವಳು ನನ್ನ ಹತ್ತಿರವೇ ಬಿಟ್ಟು ಹೋಗಿದ್ದಾಳೆ.

ಆ ಆದೇಶವನ್ನು ಹಿಂದಕ್ಕೆ ತೆಗೆದುಕೊಳ್ಳಿ. ಉಳಿದ ಎಲ್ಲರಿಗೂ ಇರುವ ತುರ್ತು ವಿನಾಯಿತಿ ಈ ಆರು ಮಂದಿಗೂ ಇರಲಿ, ತೀರ್ಮಾನವನ್ನು ರೋಗಿಯ ಪಕ್ಕದಲ್ಲಿ ನಿಂತ ಡಾಕ್ಟರಿಗೆ ಬಿಡಿ. ಡಾಕ್ಟರ್ ಉಜ್ವಲಾ ಅವರ ನೋಟಿಸನ್ನು ರದ್ದು ಮಾಡಿ. ಇದಕ್ಕೆ ಕಡತ ನಡೆಯಬೇಕು, ಟಿಪ್ಪಣಿ ಏರಬೇಕು, ನನಗೆ ಗೊತ್ತು. ಅಲ್ಲಿಯವರೆಗೆ ಒಂದೇ ಒಂದು ಕೆಲಸ ಮಾಡಿಕೊಡಿ. ಅನಸವ್ವನ ಪ್ರಶ್ನೆಗೆ ನಿಮ್ಮ ಕಚೇರಿಯ ಹಾಳೆಯ ಮೇಲೆ ಒಂದೇ ಶಬ್ದದ ಉತ್ತರ ಬರೆದು, ಕೆಳಗೆ ನಿಮ್ಮ ಸಹಿ ಹಾಕಿ, ಠಸ್ಸೆ ಹೊಡೆದು ಕಳಿಸಿ. ತೋರಿಸು, ಅಥವಾ ಬಚ್ಚಿಡು. ಅವಳಿಗೆ ಓದಲು ಬರುವುದಿಲ್ಲ, ಅವಳ ಮನೆಗೆ ಹೋಗಿ ಓದಿ ಹೇಳಬೇಕಾದವನು ನಾನೇ. ಇವತ್ತಿಗೆ ಆರು ದಿನವಾಯಿತು. ಅವಳು ಗುಳಿಗೆ ನುಂಗಿಕೊಂಡು ಕಾಯುತ್ತಿದ್ದಾಳೆ.

ಇಂತಿ,
ನಿಮ್ಮ ಮಾತನ್ನು ಮನೆ ಮನೆಗೆ ಹೊತ್ತು, ಏಳು ಮಂದಿಯ ಕೈಗೆ ಆ ಚೀಟಿ ಬರುವಂತೆ ಮಾಡಿದ
ಜಕ್ಕಪ್ಪ, ನೇಕಾರ, ಬನಹಟ್ಟಿ